ಶಿಷ್ಯರನ್ನು ಬೆಳೆಸಿದ ಪುರಾತತ್ವಜ್ಞ: ಡಾ. ಎಚ್. ಡಿ. ಸಂಕಾಲಿಯಾ

(ಅಂತಿಮ ಬಿ. ಎ. ವಿದ್ಯಾರ್ಥಿನಿ)

ಮಾನವನು ಈ ಭೂಮಿಯ ಮೇಲೆ ಎಂದು ಕಾಣಿಸಿಕೊಂಡನು, ನಮ್ಮ ನಾಡಿಗೆ ಯಾವಾಗ ಬಂದನು, ಆಗ ಅವನ ಬಾಳು ಹೇಗಿದ್ದಿತು ಎಂಬ ಪ್ರಶ್ನೆಗಳು ಯಾರ ಮನಸ್ಸಿನಲ್ಲಾದರೂ ಒಮ್ಮೆ ಏಳದೆ ಇರಲಾರವು. ಇವಕ್ಕೆ ಉತ್ತರವನ್ನು ಓಲೆಗರಿಗಳಲ್ಲಾಗಲಿ ಶಾಸನಗಳಲ್ಲಾಗಲಿ ಹುಡುಕಿ ಫಲವಿಲ್ಲ. ಅಕ್ಷರವು ಹುಟ್ಟುವುದಕ್ಕಿಂತ ಲಕ್ಷಾಂತರ ವರ್ಷಗಳ ಹಿಂದಿನ ಮಾತಿದು. ನದಿಯ ದಡದ ಮಣ್ಣಿನ ಪದರಗಳು, ಅವುಗಳಲ್ಲಿ ಹುದುಗಿದ ಕಲ್ಲಿನ ಆಯುಧಗಳು, ಎಲ್ಲಿಯೋ ಅಪರೂಪಕ್ಕೆ ಸಿಕ್ಕುವ ಎಲುಬುಗಳು, ಇಷ್ಟೇ ಅದಕ್ಕೆ ಸಾಕ್ಷಿ. ಈ ಸಾಕ್ಷಿಯನ್ನು ಓದುವ ವಿದ್ಯೆಯನ್ನು ನಮ್ಮ ದೇಶದ ತರುಣ ತರುಣಿಯರಿಗೆ ಕ್ರಮವಾಗಿ ಕಲಿಸಿಕೊಟ್ಟವರಲ್ಲಿ ಅಗ್ರಗಣ್ಯರು ಡಾಕ್ಟರ್ ಹಸಮುಖ ಧೀರಜಲಾಲ್ ಸಂಕಾಲಿಯಾ ಅವರು.

ಈ ಮಹನೀಯರ ಹೆಸರನ್ನು ನಾನು ಅರಿತದ್ದು ಒಂದು ಕಲ್ಲಿನ ಮೂಲಕ. ಬಳ್ಳಾರಿ ಸೀಮೆಯ ನಮ್ಮೂರಿನಲ್ಲಿ ಗುಡಿಯ ಹಿಂದಿನ ಬೇವಿನ ಮರದ ಬುಡಕ್ಕೆ ಏಳೆಂಟು ಕರಿಯ ಕಲ್ಲುಗಳನ್ನು ಒರಗಿಸಿ ಇಟ್ಟಿದ್ದಾರೆ. ಅಂಗೈಯಗಲದ, ನುಣುಪಾದ ಕಲ್ಲುಗಳು. ಒಂದು ತುದಿ ಹರಿತ. ಅವು ಸಿಡಿಲಿನ ಜೊತೆಗೆ ಮುಗಿಲಿನಿಂದ ಬಿದ್ದುವೆಂದು ನಮ್ಮಜ್ಜಿ ಹೇಳುತ್ತಿದ್ದಳು. ಶನಿವಾರ ನೀರೆರೆದು ಕುಂಕುಮ ಹಚ್ಚುತ್ತಿದ್ದಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಎರಡನೆಯ ವರ್ಷದಲ್ಲಿ ನಮ್ಮ ಇತಿಹಾಸದ ಅಧ್ಯಾಪಕರು ನಮ್ಮನ್ನು ಬಳ್ಳಾರಿಯಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಾಗ ಗಾಜಿನ ಪೆಟ್ಟಿಗೆಯೊಳಗೆ ಅಜ್ಜಿಯ ಸಿಡಿಲುಗಲ್ಲೇ ಕುಳಿತಿತ್ತು. ನವಶಿಲಾಯುಗದ ಕೊಡಲಿಯೆಂದು ಅದರ ಕೆಳಗೆ ಬರೆದಿದ್ದರು. ಇದನ್ನು ಕೊಡಲಿಯೆಂದು ಗುರುತಿಸಿದವರು ಯಾರು, ಅವರಿಗೆ ಕಲಿಸಿದವರು ಯಾರು ಎಂದು ಕೇಳುತ್ತ ಹೋದಾಗ ದೊರೆತ ಕಥೆಯನ್ನು ಇಲ್ಲಿ ನನಗೆ ತಿಳಿದ ಮಟ್ಟಿಗೆ ಹೇಳಲು ಪ್ರಯತ್ನಿಸಿದ್ದೇನೆ.

ಕಥೆಯ ಆರಂಭ ಸಂಕಾಲಿಯಾ ಅವರಿಗಿಂತ ಹಿಂದಿನದು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಆಂಗ್ಲ ಭೂವಿಜ್ಞಾನಿಗೆ ಹಳೆಯ ಶಿಲಾಯುಗದ ಒಂದು ಆಯುಧ ಸಿಕ್ಕಿತು. ಅದೇ ವರ್ಷ ಅತ್ತಿರಂಪಾಕ್ಕಂ ಎಂಬಲ್ಲಿ ಇನ್ನೂ ಅನೇಕ ಆಯುಧಗಳು ದೊರೆತುವು. ಭಾರತದಲ್ಲಿಯೂ ಅತಿ ಪುರಾತನ ಮಾನವನು ಇದ್ದನೆಂಬುದು ಲೋಕಕ್ಕೆ ತಿಳಿದದ್ದು ಆಗ. ಫೂಟ್ ಸಾಹೇಬರು ಸರಕಾರದ ಭೂಸರ್ವೇಕ್ಷಣ ಇಲಾಖೆಯ ಅಧಿಕಾರಿಗಳು. ಖನಿಜಗಳನ್ನು ಹುಡುಕುವ ಕೆಲಸದ ಜೊತೆಯಲ್ಲಿಯೇ ಅವರು ಮಲಪ್ರಭಾ, ಘಟಪ್ರಭಾ ದಡಗಳಲ್ಲಿಯೂ ಬಳ್ಳಾರಿಯ ಗುಡ್ಡಗಳಲ್ಲಿಯೂ ಅಲೆದು ನೂರಾರು ನೆಲೆಗಳನ್ನು ಗುರುತಿಸಿದರು. ಅವರ ಸಂಗ್ರಹವನ್ನು ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯವು 1904ರಲ್ಲಿ ಕೊಂಡಿತು. 1912ರಲ್ಲಿ ಫೂಟರು ಕಾಲವಾದರು. ಅವರು ಕಂಡುಹಿಡಿದುದೆಲ್ಲ ಅಮೂಲ್ಯವಾದುದು. ಆದರೆ ಕಲಿಸುವುದಕ್ಕೆ ಅವರಿಗೊಂದು ಶಾಲೆಯಿರಲಿಲ್ಲ, ಮುಂದುವರಿಸುವುದಕ್ಕೆ ಶಿಷ್ಯರಿರಲಿಲ್ಲ. ಅವರ ತರುವಾಯ ಬಹುಕಾಲ ಕೆಲಸ ಹೆಚ್ಚುಕಡಿಮೆ ನಿಂತೇ ಹೋಯಿತು. 1935ರಲ್ಲಿ ಯೇಲ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ತಂಡವೊಂದು ಬಂದು ಕಾಶ್ಮೀರ, ಪಂಜಾಬದ ಸೋನ್ ಕಣಿವೆ ಮತ್ತು ನರ್ಮದಾ ತೀರವನ್ನು ಪರೀಕ್ಷಿಸಿ ಹಿಂತಿರುಗಿತು. ವಿ. ಡಿ. ಕೃಷ್ಣಸ್ವಾಮಿಯವರಂತಹ ಕೆಲವರೇ ಭಾರತೀಯರು ಆಗ ಈ ವಿದ್ಯೆಯನ್ನು ಕಲಿತಿದ್ದರು. ನಮ್ಮ ನೆಲದ ಆದಿಮಾನವನ ಚರಿತ್ರೆಯನ್ನು ತಿಳಿಯಲು ಹೊರಗಿನಿಂದ ತಂಡಗಳು ಬರುವುದನ್ನು ಕಾಯಬೇಕಾದ ಸ್ಥಿತಿ ಅದು.

ಇಂತಹ ಕಾಲದಲ್ಲಿ, 1908ನೆಯ ಇಸವಿ ಡಿಸೆಂಬರ್ 10ರಂದು, ಮುಂಬಯಿಯ ಗುಜರಾತಿ ಕುಟುಂಬವೊಂದರಲ್ಲಿ ಸಂಕಾಲಿಯಾ ಅವರ ಜನನವಾಯಿತು. ಹುಟ್ಟಿದಾಗ ಮಗು ಎಷ್ಟು ನಿಶ್ಶಕ್ತವಾಗಿದ್ದಿತೆಂದರೆ ಬದುಕುವ ಆಸೆಯೇ ಇರಲಿಲ್ಲವಂತೆ. ಮುಂದೆ ಬಿಸಿಲಿನಲ್ಲಿ ನದಿಯ ದಂಡೆ ಹಿಡಿದು ಮೈಲಿಗಟ್ಟಲೆ ನಡೆದವರು ಇವರೇ ಎಂದರೆ ಆಶ್ಚರ್ಯವಾಗುತ್ತದೆ. ಮನೆತನ ವಕೀಲಿ ವೃತ್ತಿಯದು. ಇವರೂ ಕಾನೂನಿನ ಪದವಿಯನ್ನು ಪಡೆದರು. ಆದರೆ ಬಾಲ್ಯದಲ್ಲಿಯೇ ಲೋಕಮಾನ್ಯ ತಿಲಕರು ಆರ್ಯರ ಮೂಲಸ್ಥಾನವನ್ನು ಕುರಿತು ಬರೆದ ಗ್ರಂಥ ಕೈಗೆ ಬಿದ್ದು, ಅರ್ಥವಾದುದು ಸ್ವಲ್ಪವೇ ಆದರೂ, ಪ್ರಾಚೀನ ಕಾಲದ ಹುಚ್ಚು ಹಿಡಿದಿದ್ದಿತು. ಸಂಸ್ಕೃತವನ್ನು ಚೆನ್ನಾಗಿ ಅಭ್ಯಾಸ ಮಾಡಿದರು. ಮುಂಬಯಿಯಲ್ಲಿ ಫಾದರ್ ಹೇರಾಸರ ಮಾರ್ಗದರ್ಶನದಲ್ಲಿ ಎಂ. ಎ. ಪದವಿಗಾಗಿ ನಾಲಂದಾ ವಿಶ್ವವಿದ್ಯಾಲಯವನ್ನು ಕುರಿತು ಪ್ರಬಂಧ ಬರೆದರು. ಅದು 1934ರಲ್ಲಿ ಗ್ರಂಥವಾಗಿ ಪ್ರಕಟವಾಯಿತು. ಪ್ರಾಚೀನ ಭಾರತದ ದೊಡ್ಡದೊಂದು ಗುರುಕುಲದ ಚರಿತ್ರೆಯಿಂದ ಅವರ ವಿದ್ವತ್ತು ಆರಂಭವಾದುದು ಅವರ ಮುಂದಿನ ಬಾಳಿಗೆ ಒಪ್ಪುವ ಮಾತೇ ಆಗಿದೆ.

ಅನಂತರ ಅವರು ಲಂಡನ್ನಿಗೆ ತೆರಳಿ, ಗುಜರಾತಿನ ಪುರಾತತ್ವವನ್ನು ಕುರಿತ ಪ್ರಬಂಧಕ್ಕೆ 1936ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿರುವಾಗ ಮಾರ್ಟಿಮರ್ ವೀಲರ್ ಅವರು ಮೇಡನ್ ಕ್ಯಾಸಲ್ ಎಂಬ ಪ್ರಾಚೀನ ಕೋಟೆಯಲ್ಲಿ ನಡೆಸುತ್ತಿದ್ದ ಉತ್ಖನನದಲ್ಲಿ ಸೇರಿ ಕೆಲಸ ಕಲಿತರು. ಪದರ ಪದರವಾಗಿ ಅಗೆಯುವುದು, ಯಾವ ವಸ್ತು ಯಾವ ಪದರದಲ್ಲಿ ಸಿಕ್ಕಿತೆಂದು ಒಡನೆಯೇ ಬರೆದಿಡುವುದು, ನಕ್ಷೆ ತೆಗೆಯುವುದು, ಈ ಶಿಸ್ತು ಅವರ ಮೈಗೂಡಿದ್ದು ಅಲ್ಲಿ.

ಸ್ವದೇಶಕ್ಕೆ ಮರಳಿದ ಮೇಲೆ ಅವರಿಗೆ ತಕ್ಕ ಸ್ಥಾನ ಸಿಕ್ಕಿದ್ದು 1939ರಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ. ಈ ಕಾಲೇಜಿನ ಕಥೆಯೂ ಸ್ವಾರಸ್ಯವಾದುದು. ತಿಲಕರೂ ರಾಮಕೃಷ್ಣ ಗೋಪಾಲ ಭಂಡಾರಕರರೂ ಓದಿದ ಈ ಹಳೆಯ ವಿದ್ಯಾಸಂಸ್ಥೆಯನ್ನು ಸರಕಾರವು 1934ರಲ್ಲಿ ಮುಚ್ಚಿಬಿಟ್ಟಿತ್ತು. ಹಳೆಯ ವಿದ್ಯಾರ್ಥಿಗಳು ಸುಮ್ಮನಿರದೆ ಹೋರಾಡಿದ್ದರಿಂದ ಅದು 1939ರ ಆಗಸ್ಟಿನಲ್ಲಿ ಸಂಶೋಧನ ಸಂಸ್ಥೆಯಾಗಿ ಮರುಹುಟ್ಟು ಪಡೆಯಿತು. ತಾವು ಓದಿದ ಕಾಲೇಜನ್ನು ಹಳೆಯ ವಿದ್ಯಾರ್ಥಿಗಳು ಉಳಿಸಿಕೊಂಡರೆ ಎಂತಹ ಫಲ ದೊರಕೀತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಸಂಕಾಲಿಯಾ ಅವರೂ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರೂ ಭಾಷಾವಿದ್ವಾಂಸರಾದ ಎಸ್. ಎಂ. ಕತ್ರೆಯವರೂ ಅಲ್ಲಿ ಒಟ್ಟಿಗೆ ಕೆಲಸಕ್ಕೆ ತೊಡಗಿದರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಲಂಡನ್ನಿನಿಂದ ಬಂದಾಗ ಸಂಕಾಲಿಯಾ ಅವರು ಶಿಲಾಯುಗದ ತಜ್ಞರಾಗಿರಲಿಲ್ಲ. ಅವರು ಕಲಿತದ್ದು ದೇವಾಲಯ, ಶಿಲ್ಪ, ಶಾಸನಗಳ ವಿಷಯ. ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಕೆ. ಎನ್. ದೀಕ್ಷಿತರ ಪ್ರೇರಣೆಯಿಂದ 1941ರಲ್ಲಿ ಗುಜರಾತಿನ ಸಾಬರಮತಿ ಕಣಿವೆಗೆ ಶೋಧಯಾತ್ರೆ ಹೊರಟಾಗ ಅವರಿಗೆ ಮೂವತ್ತಮೂರರ ವಯಸ್ಸು. ಫೂಟರು ಹಿಂದೆ ಸೂಚಿಸಿದ್ದ ಸ್ಥಳಗಳನ್ನು ನೋಡುತ್ತ, ದಂಡೆಯ ಉರುಟುಗಲ್ಲಿನ ಪದರಗಳಲ್ಲಿ ಮನುಷ್ಯನು ಕೆತ್ತಿದ ಕಲ್ಲು ಯಾವುದು, ನೀರಿನ ಹೊಡೆತಕ್ಕೆ ಒಡೆದ ಕಲ್ಲು ಯಾವುದು ಎಂದು ಬೇರ್ಪಡಿಸುವುದನ್ನು ಅವರು ನೆಲದ ಮೇಲೆಯೇ ಕಲಿತರು. ಗುರುವಾಗುವುದಕ್ಕೆ ಮೊದಲು ಮತ್ತೊಮ್ಮೆ ವಿದ್ಯಾರ್ಥಿಯಾಗಲು ಅವರು ಸಂಕೋಚಪಡಲಿಲ್ಲ.

ಗುಜರಾತಿನ ಲಂಘ್ನಜ್ ಎಂಬ ಹಳ್ಳಿಯ ಮರಳುದಿಬ್ಬದಲ್ಲಿ ಸಣ್ಣ ಸಣ್ಣ ಕಲ್ಲಿನ ಅಲಗುಗಳ ಜೊತೆಗೆ ಮನುಷ್ಯರ ಅಸ್ಥಿಪಂಜರಗಳೂ ದೊರೆತುವು. ಕೈಕಾಲು ಮಡಿಚಿ ಮಲಗಿಸಿ ಹೂಳಿದ್ದ ಬೇಟೆಗಾರರವರು. ಘೇಂಡಾಮೃಗದ ಹೆಗಲೆಲುಬನ್ನು ಅವರು ಅಡಿಗಲ್ಲಿನಂತೆ ಬಳಸಿದ್ದರು. ಇಂದು ಒಣಗಿ ನಿಂತ ಆ ನೆಲದಲ್ಲಿ ಹಿಂದೆ ಘೇಂಡಾಮೃಗಗಳು ಮೇಯುತ್ತಿದ್ದುವೆಂಬುದಕ್ಕೆ ಅದೊಂದು ಗುರುತು. ಇರಾವತಿ ಕರ್ವೆಯವರು ಆ ಅಸ್ಥಿಗಳನ್ನು ಅಭ್ಯಾಸ ಮಾಡಿದರು. ಆಯುಧವನ್ನು ಬಲ್ಲವರೂ ಎಲುಬನ್ನು ಬಲ್ಲವರೂ ಒಂದೇ ಗುಂಡಿಯ ಬಳಿ ಕೂಡಿ ಕೆಲಸ ಮಾಡಬೇಕೆಂಬ ಪಾಠವನ್ನು ಸಂಕಾಲಿಯಾ ಅವರು ಅಂದಿನಿಂದ ಬಿಡಲಿಲ್ಲ.

1943ರಲ್ಲಿ ನಾಸಿಕದ ಹತ್ತಿರ ಗಂಗಾಪುರದಲ್ಲಿ, ಗೋದಾವರಿಯ ದಂಡೆಯ ಮೇಲೆ, ಅವರಿಗೆ ಹಳೆಯ ಶಿಲಾಯುಗದ ಆಯುಧ ದೊರೆಯಿತು. ದಖ್ಖನಿನ ಕಪ್ಪುಕಲ್ಲಿನ ಪ್ರದೇಶದಲ್ಲಿ ಆಯುಧಕ್ಕೆ ಒಗ್ಗುವ ಶಿಲೆಯಿಲ್ಲದ್ದರಿಂದ ಆದಿಮಾನವನು ಅಲ್ಲಿ ವಾಸಿಸಿರಲಾರನೆಂದು ಅದುವರೆಗೆ ನಂಬಿದ್ದರು. ಆ ನಂಬಿಕೆ ಅಂದಿಗೆ ಸಡಿಲವಾಯಿತು. ಮುಂದೆ ಪ್ರವರಾ ನದಿಯ ದಂಡೆಯ ನೆವಾಸಾದಲ್ಲಿ ಅವರು 1954ರಿಂದ ಉತ್ಖನನ ನಡೆಸಿದರು. ಸಂತ ಜ್ಞಾನೇಶ್ವರರ ನೆನಪಿನಿಂದ ಪಾವನವಾದ ಆ ಊರಿನ ನೆಲದಲ್ಲಿ ಹಳೆಯ ಶಿಲಾಯುಗದಿಂದ ಹಿಡಿದು ಇತಿಹಾಸಕಾಲದವರೆಗೆ ಮನುಷ್ಯನ ಹೆಜ್ಜೆಗಳು ಒಂದರ ಮೇಲೊಂದು ಮೂಡಿದ್ದುವು. ಮಹೇಶ್ವರ, ನಾವಡಾಟೋಲಿ, ಇನಾಮಗಾಂವ್ ಮುಂತಾದ ಕಡೆಗಳಲ್ಲಿ ಅವರೂ ಅವರ ಸಹೋದ್ಯೋಗಿಗಳೂ ನಡೆಸಿದ ಉತ್ಖನನಗಳು ಮೊದಲ ರೈತರ ಬದುಕನ್ನು ಬೆಳಕಿಗೆ ತಂದುವು.

ಈ ಶೋಧಗಳಿಗಿಂತಲೂ ಹಿರಿದಾದ ಕೆಲಸ ಡೆಕ್ಕನ್ ಕಾಲೇಜಿನ ತರಗತಿಗಳಲ್ಲಿ ನಡೆಯುತ್ತಿತ್ತು. ಡಾಕ್ಟರೇಟಿಗೆ ಬಂದ ಶಿಷ್ಯರಿಗೆ ಸಂಕಾಲಿಯಾ ಅವರು ಒಂದು ನದಿಯ ಕಣಿವೆಯನ್ನೋ ಒಂದು ಜಿಲ್ಲೆಯನ್ನೋ ಒಪ್ಪಿಸುತ್ತಿದ್ದರು. ವಿದ್ಯಾರ್ಥಿ ಅಲ್ಲಿ ಕಾಲ್ನಡಿಗೆಯಲ್ಲಿ ತಿರುಗಬೇಕು. ದಂಡೆ ಕುಸಿದು ಪದರಗಳು ಕಾಣುವಲ್ಲಿ ನಿಂತು ಅಳೆಯಬೇಕು. ತಳದ ಬಂಡೆ ಯಾವುದು, ಅದರ ಮೇಲಿನ ಉರುಟುಗಲ್ಲು ಎಷ್ಟು ದಪ್ಪ, ಆಯುಧ ಯಾವ ಪದರದಲ್ಲಿದೆ ಎಂಬುದನ್ನೆಲ್ಲ ಚಿತ್ರಸಹಿತ ಬರೆಯಬೇಕು. ಆಯುಧವನ್ನು ಕಿತ್ತು ತಂದು ಪೆಟ್ಟಿಗೆಯಲ್ಲಿಟ್ಟರೆ ಸಾಲದು. ಪದರ ತಪ್ಪಿದ ಆಯುಧ ಪುಟಸಂಖ್ಯೆಯಿಲ್ಲದ ಹಾಳೆಯಂತೆ. ಅದರಲ್ಲಿ ಏನಿದ್ದರೂ ಎಲ್ಲಿ ಸೇರಿಸಬೇಕೆಂದು ತಿಳಿಯದು. ಹೀಗೆ ವಿ. ಎನ್. ಮಿಶ್ರ ಅವರು ರಾಜಸ್ಥಾನವನ್ನೂ ಜಿ. ಸಿ. ಮಹಾಪಾತ್ರ ಅವರು ಒಡಿಶಾವನ್ನೂ ಅಭ್ಯಾಸ ಮಾಡಿದರು. ಹಿಂದೆ ಒಬ್ಬ ಫೂಟರು ಒಂಟಿಯಾಗಿ ಮಾಡಿದ್ದನ್ನು ಈಗ ಹತ್ತಾರು ತರುಣರು ಹತ್ತಾರು ನದಿಗಳ ದಡದಲ್ಲಿ ಮಾಡತೊಡಗಿದರು.

ಕಲಿಸುವುದಕ್ಕೆ ಪಠ್ಯಗ್ರಂಥ ಬೇಡವೇ? ಶಿಲಾಯುಧಗಳ ಹೆಸರು, ಅವುಗಳನ್ನು ಮಾಡುವ ಬಗೆ, ಅವುಗಳ ಉಪಯೋಗ ಇವನ್ನು ವಿವರಿಸುವ ಕೈಪಿಡಿಯೊಂದನ್ನು ಅವರು 1964ರಲ್ಲಿ ಹೊರತಂದರು. ಅದಕ್ಕೆ ಮೊದಲೇ ಭಾರತ ಮತ್ತು ಪಾಕಿಸ್ತಾನಗಳ ಪ್ರಾಗಿತಿಹಾಸವನ್ನು ಕುರಿತ ಅವರ ದೊಡ್ಡ ಗ್ರಂಥವೂ ಬಂದಿತ್ತು. ತಮಗೆ ತಿಳಿಯದ ವಿಷಯದಲ್ಲಿ ತಿಳಿದವರನ್ನು ಕರೆಸುವುದಕ್ಕೆ ಅವರು ಹಿಂಜರಿಯಲಿಲ್ಲ. 1949ರಲ್ಲಿ ಲಂಡನ್ನಿನಿಂದ ಎಫ್. ಇ. ಝಾಯ್ನರ್ ಎಂಬ ವಿದ್ವಾಂಸರು ಬಂದು ಗುಜರಾತಿನ ಮಣ್ಣಿನ ಪದರಗಳಿಂದ ಹಳೆಯ ಹವಾಮಾನವನ್ನು ತಿಳಿಯುವ ಕ್ರಮವನ್ನು ತೋರಿಸಿದರು. ಅತಿಥಿ ಹೋದ ಮೇಲೆ ವಿದ್ಯೆ ಇಲ್ಲಿಯೇ ಉಳಿಯಬೇಕಷ್ಟೆ. ಕಾಲಕ್ರಮದಲ್ಲಿ ಮಣ್ಣನ್ನು ಪರೀಕ್ಷಿಸುವವರು, ಪ್ರಾಣಿಗಳ ಎಲುಬನ್ನು ಗುರುತಿಸುವವರು, ಮಾನವ ಅಸ್ಥಿಗಳನ್ನು ಅಭ್ಯಾಸ ಮಾಡುವವರು ಎಲ್ಲರೂ ಆ ಕಾಲೇಜಿನೊಳಗೆಯೇ ತಯಾರಾದರು.

ಅವರ ಇನ್ನೊಂದು ನಿಯಮ ನಮ್ಮಂತಹವರಿಗೂ ಪಾಠವಾಗಬಲ್ಲುದು. ಅಗೆದ ಮೇಲೆ ವರದಿಯನ್ನು ತಡಮಾಡದೆ ಅಚ್ಚು ಹಾಕಿಸಲೇಬೇಕು. ಒಮ್ಮೆ ಅಗೆದ ನೆಲವನ್ನು ಮತ್ತೆ ಅಗೆಯಲಾಗದು. ಬರೆಯದೆ ಬಿಟ್ಟರೆ ಆ ಚರಿತ್ರೆ ಶಾಶ್ವತವಾಗಿ ನಾಶವಾದಂತೆಯೇ ಸರಿ. ನಾಸಿಕ ಮತ್ತು ಜೋರ್ವೆಗಳ ವರದಿ 1955ರಲ್ಲಿ, ಮಹೇಶ್ವರ ಮತ್ತು ನಾವಡಾಟೋಲಿಗಳದು 1958ರಲ್ಲಿ, ನೆವಾಸಾದ್ದು 1960ರಲ್ಲಿ ಹೊರಬಂದುದನ್ನು ನೋಡಿದರೆ ಅವರು ಈ ನಿಯಮವನ್ನು ಮೊದಲು ತಮಗೇ ವಿಧಿಸಿಕೊಂಡಿದ್ದರೆಂದು ತಿಳಿಯುತ್ತದೆ.

ಇನ್ನು ನಮ್ಮ ಕನ್ನಡ ನಾಡಿಗೆ ಇವರಿಂದ ಆದ ಉಪಕಾರವನ್ನು ನೆನೆಯೋಣ. ಅವರ ಶಿಷ್ಯರಾದ ಬಿ. ಸುಬ್ಬರಾವ್ ಅವರು ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿ, ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ಗ್ರಂಥವನ್ನು 1948ರಲ್ಲಿ ಪ್ರಕಟಿಸಿದರು. ಮುಂದೆ ಅವರು ಬರೋಡಾ ವಿಶ್ವವಿದ್ಯಾಲಯದಲ್ಲಿ ಪುರಾತತ್ವ ವಿಭಾಗವನ್ನು ಬೆಳೆಸಿದರು. ಶಿಷ್ಯನು ಇನ್ನೊಂದು ಕಡೆ ಗುರುವಾದನು. ಆರ್. ವಿ. ಜೋಶಿಯವರು ಮಲಪ್ರಭಾ ಕಣಿವೆಯನ್ನು ಅಭ್ಯಾಸ ಮಾಡಿದ ಗ್ರಂಥ 1955ರಲ್ಲಿ ಬಂದಿತು. 1964–65ರಲ್ಲಿ ಝಡ್. ಡಿ. ಅನ್ಸಾರಿ ಮತ್ತು ಎಂ. ಎಸ್. ನಾಗರಾಜರಾವ್ ಅವರು ಸಂಗನಕಲ್ಲಿನಲ್ಲಿ ಮತ್ತೆ ಅಗೆದರು. ನಮ್ಮವರೇ ಆದ ನಾಗರಾಜರಾವ್ ಅವರು ಮುಂದೆ ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರ ಪದವಿಗೇರಿದರು. ಕೆ. ಪದ್ದಯ್ಯನವರು ಕೃಷ್ಣಾ–ಭೀಮಾ ನದಿಗಳ ನಡುವಿನ ಸುರಪುರ ಸೀಮೆಯನ್ನು ಹಿಡಿದು, ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಹಲವು ದಶಕಗಳ ಕಾಲ ಕೆಲಸ ಮಾಡಿದರು. ಅಲ್ಲಿನ ಇಸಾಂಪುರದಲ್ಲಿ ಆದಿಮಾನವನು ಸುಣ್ಣಶಿಲೆಯ ಚಪ್ಪಡಿಗಳನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ಜಾಗವೇ ಅವರಿಗೆ ದೊರೆಯಿತು. ಅದು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂಬ ಲೆಕ್ಕ 2002ರಲ್ಲಿ ಪ್ರಕಟವಾಯಿತು.

ಸಂಕಾಲಿಯಾ ಅವರ ಎಲ್ಲ ಅಭಿಪ್ರಾಯಗಳೂ ನಿಂತಿವೆಯೆಂದು ಹೇಳಲಾಗದು. ನಾವಡಾಟೋಲಿಯ ಮಡಕೆಗಳಿಗೂ ಇರಾನಿಗೂ ಅವರು ಕಲ್ಪಿಸಿದ ಸಂಬಂಧವನ್ನು ಅನೇಕರು ಒಪ್ಪಲಿಲ್ಲ. ರಾಮಾಯಣವನ್ನು ಕುರಿತು 1973ರಲ್ಲಿ ಅವರು ಬರೆದ ಪುಸ್ತಕವೂ ಚರ್ಚೆಗೆ ಗುರಿಯಾಯಿತು. ಅವರ ಕಾಲದಲ್ಲಿ ಭಾರತದ ಕೈಗೊಡಲಿಗಳಿಗೆ ಒಂದೆರಡು ಲಕ್ಷ ವರ್ಷಗಳ ವಯಸ್ಸನ್ನು ಹೇಳುತ್ತಿದ್ದರು. ಶಿಷ್ಯರ ಕೆಲಸದಿಂದ ಆ ಲೆಕ್ಕ ಎಷ್ಟೋ ಹಿಂದಕ್ಕೆ ಸರಿಯಿತು. ಆದರೆ ಇದು ಗುರುವಿಗೆ ಕುಂದಲ್ಲ. ಗುರುವಿನ ತಪ್ಪನ್ನು ತೋರಿಸಬಲ್ಲ ಶಿಷ್ಯನನ್ನು ತಯಾರು ಮಾಡುವುದೇ ಶಾಸ್ತ್ರವು ಬೆಳೆಯುವ ಹಾದಿ. ಫೂಟರು ಅತ್ತಿರಂಪಾಕ್ಕಂನಲ್ಲಿ ಕಂಡ ಆಯುಧಗಳ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಡೆಕ್ಕನ್ ಕಾಲೇಜಿನಲ್ಲಿಯೇ ಡಾಕ್ಟರೇಟ್ ಪಡೆದ ಶಾಂತಿ ಪಪ್ಪು ಎಂಬ ವಿದುಷಿ ಅಲ್ಲಿ ಮತ್ತೆ ಅಗೆದು, ಅವು ಸುಮಾರು 15 ಲಕ್ಷ ವರ್ಷಗಳಷ್ಟು ಹಳೆಯವೆಂದು ತಮ್ಮ ಸಂಗಡಿಗರೊಡನೆ 2011ರಲ್ಲಿ ತೋರಿಸಿಕೊಟ್ಟರು. ಫೂಟರು ಬಿಟ್ಟುಹೋದ ಎಳೆಯನ್ನು ಸುಮಾರು ನೂರೈವತ್ತು ವರ್ಷಗಳ ಮೇಲೆ ಈ ನೆಲದ ಹೆಣ್ಣುಮಗಳೊಬ್ಬಳು ಎತ್ತಿಕೊಂಡಳು.

ಸಂಕಾಲಿಯಾ ಅವರು 1973ರಲ್ಲಿ ನಿವೃತ್ತರಾದರು. ಮರುವರ್ಷ ಭಾರತ ಸರಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿ ನೀಡಿತು. 1978ರಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. ಭಾರತದಲ್ಲಿ ಕಲ್ಲಿನ ಆಯುಧಗಳು ರಾಶಿ ರಾಶಿ ಸಿಕ್ಕಿದರೂ ಅವನ್ನು ಮಾಡಿದ ಮನುಷ್ಯನ ಎಲುಬು ಸಿಕ್ಕಿರಲಿಲ್ಲ. ಅವರು ಜೀವಿಸಿದ್ದಾಗಲೇ, 1982ರ ಡಿಸೆಂಬರಿನಲ್ಲಿ, ಭೂಸರ್ವೇಕ್ಷಣ ಇಲಾಖೆಯ ಅರುಣ್ ಸೋನಾಕಿಯಾ ಅವರಿಗೆ ನರ್ಮದೆಯ ದಂಡೆಯ ಹಥ್ನೋರಾದಲ್ಲಿ ಪುರಾತನ ಮಾನವನ ತಲೆಬುರುಡೆಯ ಭಾಗವೊಂದು ದೊರೆಯಿತು. 1989ರ ಜನವರಿ 28ರಂದು ಪುಣೆಯಲ್ಲಿ ಸಂಕಾಲಿಯಾ ಅವರು ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಹುಟ್ಟಿದಾಗ ಬದುಕುವುದೇ ಸಂದೇಹವೆನಿಸಿದ್ದ ಜೀವ ಅಷ್ಟು ಕಾಲ ದುಡಿಯಿತು. ಡೆಕ್ಕನ್ ಕಾಲೇಜು 1990ರಲ್ಲಿ ವಿಶ್ವವಿದ್ಯಾಲಯದ ಸ್ಥಾನಮಾನವನ್ನು ಪಡೆಯಿತು. ಮಿಶ್ರ, ಪದ್ದಯ್ಯ ಮೊದಲಾದ ಶಿಷ್ಯರೇ ಅದರ ನಿರ್ದೇಶಕರಾದರು.

ಸಹಪಾಠಿಗಳೇ, ಈ ಚರಿತ್ರೆಯಿಂದ ನಾವು ಕಲಿಯಬೇಕಾದದ್ದೇನು? ನೆಲದಲ್ಲಿ ಸಂಪತ್ತು ಇದ್ದಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಅದನ್ನು ಗುರುತಿಸುವ ಕಣ್ಣು ನಮ್ಮವರಿಗೆ ಬರಬೇಕು. ಸಂಗನಕಲ್ಲಿನ ಸುತ್ತಣ ಗುಡ್ಡಗಳಲ್ಲಿ ಕಲ್ಲು ಒಡೆಯುವ ಕೆಲಸದಿಂದ ಪುರಾತನ ನೆಲೆಗಳಿಗೆ ಹಾನಿಯಾಗಿದೆ. ಒಡೆದವರೂ ನಮ್ಮ ಜನರೇ, ಹೊಟ್ಟೆಪಾಡಿಗಾಗಿ ಒಡೆದರು. ಅವರನ್ನು ದೂರಿ ಫಲವೇನು? ಅಲ್ಲಿ ಏನಿದೆಯೆಂದು ಅವರಿಗೆ ಹೇಳಬಲ್ಲವರು ಊರಿಗೊಬ್ಬರು ಇದ್ದಿದ್ದರೆ ಎಷ್ಟೋ ಉಳಿಯುತ್ತಿತ್ತು. ಅಂತಹವರು ಪುಣೆಯಿಂದಲೋ ಲಂಡನ್ನಿನಿಂದಲೋ ಬರುವವರೆಗೆ ಕಾಯುವುದೇಕೆ? ಆ ಗುಡ್ಡಗಳ ಕೆಳಗಿನ ಹಳ್ಳಿಗಳಿಂದಲೇ ನಮ್ಮ ಕಾಲೇಜಿಗೆ ವಿದ್ಯಾರ್ಥಿಗಳು ಬರುತ್ತಾರಲ್ಲವೇ?

ಈ ವರ್ಷ ನನ್ನ ಓದು ಇಲ್ಲಿಗೆ ಮುಗಿಯುತ್ತದೆ. ಮುಂದೆ ಎಂ. ಎ. ಓದುವ ಯೋಗವಿದೆಯೋ ಇಲ್ಲವೋ, ಮನೆಯ ಪರಿಸ್ಥಿತಿಯನ್ನು ನೋಡಿ ಹೇಳಬೇಕು. ಆದರೂ ಕಳೆದ ಬೇಸಿಗೆಯ ರಜೆಯಲ್ಲಿ ಒಂದು ಕೆಲಸ ಮಾಡಿದೆ. ಬೇವಿನ ಬುಡದ ಕಲ್ಲುಗಳನ್ನು ಅಲ್ಲಿಂದ ಕದಲಿಸದೆ ಒಂದೊಂದನ್ನೂ ಅಳೆದು, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡೆ. ಯಾವ ಹೊಲದಲ್ಲಿ ಸಿಕ್ಕಿತೆಂದು ಹಿರಿಯರನ್ನು ಕೇಳಿ ಪಕ್ಕದಲ್ಲಿ ಬರೆದೆ. ಅಜ್ಜಿ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ನೋಡಿದಳು. ಇವು ಮುಗಿಲಿನಿಂದ ಬಿದ್ದುವಲ್ಲ, ಇದೇ ಊರಿನ ಹಿಂದಿನವರು ಉಜ್ಜಿ ಉಜ್ಜಿ ಮಾಡಿದ ಕೊಡಲಿಗಳು ಎಂದು ತಿಳಿಸಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಹಾಗಾದರೆ ಹಿರಿಯರದೇ ಆಯಿತಲ್ಲ ಎಂದು ಎಂದಿನಂತೆ ನೀರೆರೆದು ಕುಂಕುಮ ಹಚ್ಚಿದಳು. ನೋಟ್‌ಬುಕ್ಕನ್ನು ನಮ್ಮ ಇತಿಹಾಸ ವಿಭಾಗಕ್ಕೆ ಒಪ್ಪಿಸಿದ್ದೇನೆ. ಮುಂದಿನ ವರ್ಷ ಬರುವ ತಮ್ಮ ತಂಗಿಯರು ತಮ್ಮ ತಮ್ಮ ಊರಿನ ಪುಟಗಳನ್ನು ಅದಕ್ಕೆ ಸೇರಿಸಲಿ ಎಂದು ನನ್ನ ಆಸೆ.